ಸುಸಲಾದಲ್ಲಿ ಗೋಡಂಬಿ

ಕಾದಂಬರಿಯೊಳಗೆ ಯಾರಾದರೂ ತಮಗೆ ಬೇಡದ ವಸ್ತುವೊಂದನ್ನು ಕೊಂಡರೆ ಸಾಕು, ಸುಧಾ ಮೌಶಿ ತುರುಬಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಆ ಪುಟದ ಅಂಚಿನಲ್ಲಿ ಒಂದು ಪುಟ್ಟ ಹಾರ ಬರೆಯುತ್ತಿದ್ದರು. ತೀರಿಕೊಂಡವರ ಫೋಟೋಗೆ ಹಾಕುತ್ತೇವಲ್ಲ, ಅಂಥ ಹಾರ. ಎರಡು ಬಾಗಿದ ಗೆರೆ, ನಡುವೆ ಸಾಸಿವೆಯಷ್ಟು ಹೂಗಳು, ಕೆಳಗೊಂದು ಕುಚ್ಚು. ಅವಸರವಿಲ್ಲದೆ, ನಾಲಿಗೆಯ ತುದಿ ಹೊರಗಿಟ್ಟು ಅದನ್ನು ಬರೆದು ಮುಗಿಸಿ, ಕನ್ನಡಕದ ಮೇಲಿಂದ ನಮ್ಮೆಲ್ಲರನ್ನೂ ಒಮ್ಮೆ ನೋಡಿ ಸಾರುತ್ತಿದ್ದರು: “ಇಂವ ಇಲ್ಲಿಗಿ ಸತ್ತ ನೋಡ್ರಿ.”

“ಮೌಶಿ, ಇನ್ನೂ ಅರ್ಧ ಪುಸ್ತಕ ಉಳದದ. ಕಡೀತನಕಾ ಓಡಾಡ್ತಾನ ಅಂವ,” ಎಂದು ನಾನು ಒಮ್ಮೆ ಅಂದಿದ್ದೆ.

“ಓಡಾಡ್ಲಿ. ಸತ್ತವರು ಭಾಳ ದಿನಾ ಓಡಾಡ್ತಾರ. ಅಮೆರಿಕದಾಗೂ ಓಡಾಡ್ತಾರ, ನಮ್ಮೂರ ಖೂಬಾ ಪ್ಲಾಟಿನ್ಯಾಗೂ ಓಡಾಡ್ತಾರ. ಹೊಸಾ ಕಾರಿನ್ಯಾಗ ಓಡಾಡ್ತಾರಲ್ಲ, ಅದಕ್ಕ ನಮಗ ಗೊತ್ತಾಗಂಗಿಲ್ಲ.”

ಮೌಶಿ ನನಗೆ ಸಂಬಂಧಿಯಲ್ಲ, ಎದುರು ಸಾಲಿನ ಮನೆಯವರು. ಇಡೀ ಓಣಿಗೆ ಅವರು ಮೌಶಿಯೇ. ಮಹಿಳಾ ಕಾಲೇಜೊಂದರಲ್ಲಿ ಬಹಳ ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ದೇವರೊಂದಿಗೆ ಮರಾಠಿ, ನಮ್ಮೊಂದಿಗೆ ಕನ್ನಡ, ತರಕಾರಿ ಗಾಡಿಯವನೊಂದಿಗೆ ಉರ್ದು. ಅಮೆರಿಕದ ಕಾದಂಬರಿ ಅವರ ವಿಷಯ. ಅವರ ಬಳಿ ಪಾಸ್‌ಪೋರ್ಟ್ ಇರಲಿಲ್ಲ. “ಹೋಗೂದ್ಯಾಕ? ಅಲ್ಲಿ ಏನೇನ್ ಕೆಡ್ತದ ಅನ್ನೂದನ್ನ ಅವರೇ ಬರದು ಕಳಸ್ಯಾರಲ್ಲ,” ಎನ್ನುತ್ತಿದ್ದರು. ಕನ್ನಡಕಕ್ಕೆ ಕಟ್ಟಿಕೊಂಡ ದಾರ ಯಾವುದೋ ಮಿಠಾಯಿ ಡಬ್ಬಿಯ ಕೆಂಪು ರಿಬ್ಬನ್. ಚಹಾ ಕುಡಿಯುವುದು ಹಿಡಿಕೆ ಮುರಿದ ಕಪ್ಪಿನಲ್ಲಿ, ಅದೂ ಬಸಿಯ ತುಂಬ ಸುರಿದುಕೊಂಡು.

ಶನಿವಾರ ಮಧ್ಯಾಹ್ನ ಅವರ ಪಡಸಾಲೆಯಲ್ಲಿ ನಾವೊಂದಿಷ್ಟು ಹೆಂಗಸರು ಸೇರಿ ಓದುತ್ತಿದ್ದೆವು. ಮಕ್ಕಳು ಟ್ಯೂಷನ್ನಿನಿಂದ ಬರುವ ಮುಂಚೆ, ಮನೆಯವರ ಊಟದ ನಿದ್ದೆ ಮುಗಿಯುವ ಮುಂಚೆ. ಮೌಶಿ ಒಂದೊಂದು ಪುಟ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುವರು. ನಾನು ಕಾನ್ವೆಂಟಿನಲ್ಲಿ ಓದಿದವಳು. ಕೇಳಿದಾಗ ಮಾತ್ರ ಮಾತಾಡಬೇಕು, ಕಾಲು ಜೋಡಿಸಿ ಕೂರಬೇಕು ಎಂದು ಸಿಸ್ಟರ್‌ಗಳು ಕಲಿಸಿದ್ದು ಈ ವಯಸ್ಸಿಗೂ ಬಿಟ್ಟಿಲ್ಲ. ಅದಕ್ಕೇ ಮೌಶಿ ನನ್ನನ್ನು ಹೆಸರಿನಿಂದ ಕರೆದದ್ದು ಕಡಿಮೆ. “ಏ ಕಾನ್ವೆಂಟ, ಗ್ವಾಡಿಗಿ ಹತ್ತಿ ಯಾಕ ಕೂತಿ? ಬಣ್ಣ ಹತ್ತೀತು, ಮುಂದ ಬಾ. ನಿನಗ ಆ ಸಿಸ್ಟರ್‌ಗೋಳು ಸುಮ್ಮ ಕೂಡೂದು ಭಾಳ ಛಲೋ ಕಲಸ್ಯಾರ ನೋಡು.”

ನಾವು ಮೊದಲು ಓದಿದ್ದು ಒಬ್ಬ ಬ್ರಷ್ ಮಾರುವವನ ಕಥೆ. ಬಡ ಹುಡುಗ, ಮನೆ ಮನೆ ಬಾಗಿಲು ತಟ್ಟಿ ಬ್ರಷ್ ಮಾರುತ್ತ ಕೊನೆಗೆ ಬ್ರಷ್ ಕಾರ್ಖಾನೆಯನ್ನೇ ಕಟ್ಟುತ್ತಾನೆ. ಕೈಯಲ್ಲಿ ಏನೂ ಇಲ್ಲದವನೂ ದುಡಿದರೆ ಏನು ಬೇಕಾದರೂ ಆಗಬಹುದು ಎನ್ನುವ ಅವರ ದೇಶದ ಕನಸು ಅವನ ಪಾಲಿಗೆ ನಿಜವಾಗುತ್ತದೆ. ಆಮೇಲೆ ಎದುರು ಮನೆಯಲ್ಲಿ ಪಿಯಾನೋ ಇದೆಯೆಂದು ತಾನೂ ಒಂದು ತರಿಸುತ್ತಾನೆ. ಮನೆಯಲ್ಲಿ ಯಾರಿಗೂ ನುಡಿಸಲು ಬಾರದು. ಬಾಗಿಲಲ್ಲಿ ಹಿಡಿಸದೆ ಗೋಡೆ ಒಡೆದು ಒಳಗೆ ತರುತ್ತಾರೆ. ಆ ಪುಟದಲ್ಲಿ ಮೌಶಿ ಬರೆದ ಹಾರ ಎಷ್ಟು ದೊಡ್ಡದೆಂದರೆ ಅದು ಕೆಳಗಿನ ಸಾಲುಗಳ ಮೇಲೆ ಇಳಿಬಿದ್ದಿತ್ತು.

“ರೊಕ್ಕ ಅವನ್ನ ಕೆಡಿಸ್ತು,” ಎಂದರು ನಮ್ಮಲ್ಲೊಬ್ಬರು.

“ರೊಕ್ಕ ಪಾಪ ಯಾರನ್ನೂ ಕೆಡಸಂಗಿಲ್ಲ. ಮನಷ್ಯಾನ್ನ ಕೆಡಸೋರು ಎದುರುಮನಿಯವರು. ರೊಕ್ಕ ಬರೇ ಅದರ ಖರ್ಚಿಗಿ.”

ಆಗ ಮೂಲೆಯಿಂದ ರತ್ನಮಾಲಾ ಮಾತಾಡಿದರು. ಶಹಾಬಜಾರದವರು, ಸರಕಾರಿ ಆಫೀಸಿನಲ್ಲಿ ಕ್ಲರ್ಕು, ತವರು ಕಮಲಾಪುರ. ಶನಿವಾರ ಆಫೀಸಿಗೆ ರಜೆಯಿದ್ದರೆ ಮಾತ್ರ ಬರುವರು. ಬಂದರೆ ಪುಸ್ತಕವನ್ನು ಎಲ್ಲರಿಗಿಂತ ಮುಂದೆ ಓದಿಕೊಂಡು ಬಂದಿರುವರು. “ಮೇಡಂ, ಆ ಮನಿ ಕೆಲಸದಾಕಿ ದಿನಾ ಪಿಯಾನೋ ಒರಸ್ತಾಳ ಅಂತ ಬರದದ ನೋಡ್ರಿ. ಒರಸೋವಾಗ ಒಂದೊಂದು ಸಪ್ಪಳ ಬರ್ತಿದ್ದೀತು. ಹಂಗಾದ್ರ ಆ ಮನ್ಯಾಗ ಅದನ್ನ ನುಡಿಸಿದಾಕಿ ಆಕಿ ಒಬ್ಬಾಕಿನೇ ಹೌದಲ್ರಿ?”

ಮೌಶಿ ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. “ಇಷ್ಟು ವರ್ಷ ಕಲಸೀನಿ, ಇದು ನನಗ ಹೊಳೀಲಿಲ್ಲ ನೋಡವಾ,” ಎಂದರು. ಅವರು ಯಾರನ್ನೂ ಹಾಗೆ ಹೊಗಳಿದ್ದು ನಾನು ಮತ್ತೆ ಕೇಳಲಿಲ್ಲ.

ಆ ಕಾದಂಬರಿಯಲ್ಲಿ ಮೌಶಿ ಹಾರ ಹಾಕದೆ ಬಿಟ್ಟ ಒಂದು ಜಾಗವಿತ್ತು. ಬ್ರಷ್ ಮಾರುವ ಹುಡುಗ ಮಳೆ ಬಂದಾಗ ಊರಿನ ಲೈಬ್ರರಿಯೊಳಗೆ ಹೋಗಿ ಕೂರುತ್ತಾನೆ. ಯಾರೂ ಅವನನ್ನು ನೀನು ಯಾರು ಎಂದು ಕೇಳುವುದಿಲ್ಲ. “ಅಮೆರಿಕದವರ ಕನಸಿನ್ಯಾಗ ಇದೊಂದ ನಾ ಕದ್ದೀನಿ. ಬಂಗಲೆ ಅವರೇ ಇಟ್ಕೊಳ್ಳಿ,” ಎನ್ನುತ್ತಿದ್ದರು. ಕಮಲಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ಅವರ ತಂದೆ ಬಿಟ್ಟುಹೋದ ಎರಡು ಖೋಲಿಗಳಿದ್ದವು. ತಂದೆ ಅಲ್ಲಿ ಹೆಡ್‌ಮಾಸ್ತರ್ ಆಗಿದ್ದವರು. ಆ ಖೋಲಿಗಳಲ್ಲಿ ಒಂದು ಚಾಪೆ, ಒಂದು ಕಪಾಟು, ತಮ್ಮ ಪುಸ್ತಕಗಳೆಲ್ಲ ಇರಬೇಕು. ಬಸ್ಸಿಗೆ ಕಾಯುವ ಹೆಣ್ಣುಮಕ್ಕಳು ಒಳಗೆ ಬಂದು ಕೂರಬೇಕು, ಬೇಕಾದ್ದು ಓದಬೇಕು, ಒಯ್ಯಬೇಕು. ಕಪಾಟಿಗೆ ಬೀಗ, ಕೀಲಿ ಇರಬಾರದು. ಅದೊಂದೇ ಷರತ್ತು. ಜೀವನದಲ್ಲಿ ಮೌಶಿ ತಮಗಾಗಿ ಬೇಕು ಎಂದದ್ದು ಅದೊಂದನ್ನೇ.

“ಪುಸ್ತಕ ಕಳೀತಾವಲ್ಲ ಮೌಶಿ?”

“ಕಳೀಲಿ ಅಂತನೇ ಇಡೂದು. ಪುಸ್ತಕ ಕಳೀಬೇಕು, ಅಂದ್ರ ಯಾರದರ ಮನ್ಯಾಗ ಸಿಕ್ತದ.”

ಶನಿವಾರದ ಓದಿಗೂ ಅವರದೊಂದು ಕಾಯ್ದೆ ಇತ್ತು. ಬರಬರುತ್ತ ಓದು ಸರದಿಯ ಮೇಲೆ ಒಬ್ಬೊಬ್ಬರ ಮನೆಗೆ ಹೋಗತೊಡಗಿತ್ತು; ಯಾರ ಮನೆಯಲ್ಲಿ ಸೇರಿದರೂ ತಿನ್ನಲು ಸುಸಲಾ, ಕುಡಿಯಲು ಚಹಾ. ಬೇರೆ ಏನೂ ಇಲ್ಲ. ಚುರುಮುರಿ ನೆನೆಸಿ ಹಿಂಡಿ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು, ಪುಟಾಣಿ ಹಿಟ್ಟು ಉದುರಿಸಿದರೆ ಆಯಿತು. “ಸುಸಲಾದಾಗ ದೊಡ್ಡಸ್ತನಾ ತೋರಸ್ಲಿಕ್ಕ ಜಾಗಾನೇ ಇಲ್ಲ, ಅದಕ್ಕ ಅದು,” ಎಂಬುದು ಮೌಶಿಯ ವಿವರಣೆ. ಆ ಜಾಗ ಎಲ್ಲಿದೆ ಎಂದು ಅವರಿಗೆ ತಿಳಿದಿರಲಿಲ್ಲ. ರಾಜೇಶ್ವರಿಯವರಿಗೆ ತಿಳಿದಿತ್ತು.

ರಾಜೇಶ್ವರಿಯವರ ಮನೆಯವರದು ತೊಗರಿಬೇಳೆಯ ಮಿಲ್ಲು. ಒಂದಿದ್ದದ್ದು ಮೂರಾಗಿತ್ತು. ಮೌಶಿಯ ಹಳೆಯ ವಿದ್ಯಾರ್ಥಿನಿ; ಬಿ.ಎ.ಯಲ್ಲಿ ಇಂಗ್ಲಿಷ್ ಪಾಸಾದದ್ದು ಮೌಶಿಯ ದಯೆಯಿಂದ ಎಂದು ತಾವೇ ನಗುತ್ತ ಹೇಳಿಕೊಳ್ಳುವರು. ಮನಸ್ಸು ನಿಜಕ್ಕೂ ದೊಡ್ಡದು. ಮೌಶಿಗೆ ಜ್ವರ ಬಂದಾಗ ಆಸ್ಪತ್ರೆಯಲ್ಲಿ ರಾತ್ರಿಯಿಡೀ ಕುರ್ಚಿಯ ಮೇಲೆ ಕೂತವರು ಅವರೇ, ನಾನಲ್ಲ. ಆದರೆ ಯಾವುದನ್ನೂ ಇದ್ದ ಹಾಗೆ ಬಿಡಲು ಅವರಿಂದ ಆಗುತ್ತಿರಲಿಲ್ಲ. “ಜರಾ ಗ್ರ್ಯಾಂಡ್ ಆಗ್ಲಿ ಬಿಡ್ರಿ,” ಎನ್ನುವುದು ಅವರ ಉಸಿರಾಟದ ಭಾಗ.

ಅವರ ಹೊಸ ಮನೆಯಲ್ಲಿ ನಮ್ಮ ಓದು ಸೇರಿತು. ವಾರದಲ್ಲಿ ಎಂದೋ ಒಮ್ಮೆ ನಲ್ಲಿ ನೀರು ಬರುವ ಊರಿನಲ್ಲಿ ಅವರ ಹಾಲಿನೊಳಗೆ ಒಂದು ಕಾರಂಜಿ. ಅದರ ನಡುವೆ ಕಣ್ಣು ಮುಚ್ಚಿದ ಬಂಗಾರ ಬಣ್ಣದ ಬುದ್ಧ, ತಲೆಯ ಮೇಲೆ ಟ್ಯಾಂಕರ್ ನೀರು. ಸುಸಲಾ ಬಂತು. ಕಾಯ್ದೆಯ ಪ್ರಕಾರ ಸುಸಲಾವೇ. ಮೇಲೆ ತುಪ್ಪದಲ್ಲಿ ಹುರಿದ ಗೋಡಂಬಿ, ಒಂದೊಂದು ತಟ್ಟೆಗೂ ಚಂದ್ರನಂತೆ ಒಂದೊಂದು.

ಮೌಶಿ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಪೆನ್ಸಿಲ್ ತೆಗೆದರು. ಮಡಿಚಿಟ್ಟಿದ್ದ ಕಾಗದದ ಕರವಸ್ತ್ರದ ಮೇಲೆ ಹಾರ ಬರೆದು ಅದನ್ನು ರಾಜೇಶ್ವರಿಯವರ ಕೈಗೆ ಕೊಟ್ಟರು. “ನಮ್ಮ ಶನಿವಾರ ಇಲ್ಲಿಗಿ ಸತ್ತಿತು ನೋಡ.”

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ರಾಜೇಶ್ವರಿಯವರು ಎಲ್ಲರಿಗಿಂತ ಹೆಚ್ಚು ನಕ್ಕು ಆ ಕಾಗದದ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದರು. ನಗುನಗುತ್ತಲೇ ಮೌಶಿ ಗೋಡಂಬಿಯನ್ನು ಬಾಯಿಗೆ ಹಾಕಿಕೊಂಡರು.

ಮುಂದಿನ ಮನೆಯಲ್ಲಿ ಗೋಡಂಬಿಯ ಜೊತೆ ಒಣದ್ರಾಕ್ಷಿ ಬಂತು. ಅದರ ಮುಂದಿನ ಮನೆಯಲ್ಲಿ ದಾಳಿಂಬೆ. ಇನ್ನೊಬ್ಬರು ಸುಸಲಾವನ್ನು ಬೆಳ್ಳಿ ಬಟ್ಟಲಲ್ಲಿ ಹಾಕಿ ಕೊಟ್ಟರು. ಒಳಗೆ ಇದ್ದದ್ದು ಮೂರು ಚಮಚೆ. ನನ್ನ ಸರದಿ ಬಂದಾಗ ನಾನೂ ಹಿಂದಿನ ದಿನವೇ ಪಿಸ್ತಾ ತರಿಸಿ ನೆನೆಸಿ ಸಿಪ್ಪೆ ಸುಲಿದೆ. ನಮ್ಮ ಮನೆಯವರು ಅಡುಗೆಮನೆಯಲ್ಲಿ ಇಣುಕಿ, “ಇದು ಸುಸಲಾನೋ ಶಾದಿ ಮಹಲಿನ ಬಿರಿಯಾನಿನೋ?” ಎಂದು ಕೇಳಿದರು. ಆಮೇಲೆ ಒಂದೇ ಬಣ್ಣದ ಸೀರೆಯ ಶನಿವಾರಗಳು ಶುರುವಾದವು. ಓದು ಮೊದಲು ಒಂದು ಗಂಟೆ ಇದ್ದದ್ದು ಫೋಟೋಗಳ ನಡುವೆ ಒಂದೆರಡು ಪುಟಕ್ಕೆ ಇಳಿಯಿತು. ಆ ದಿನಗಳಲ್ಲಿ ನಾವು ಓದುತ್ತಿದ್ದದ್ದು ನೆರೆಹೊರೆಯವರಿಗೆ ಹೆದರಿ ಪರದೆ ಬದಲಿಸುತ್ತಲೇ ಇರುವ ಒಬ್ಬ ಹೆಂಗಸಿನ ಕಾದಂಬರಿ. “ಎಂಥಾ ಮಂದಿ ಇರ್ತಾರ ಅಲ್ಲಾ ಆ ಅಮೆರಿಕದಾಗ!” ಎಂದು ನಾವೆಲ್ಲ ತಿಳಿನೀಲಿ ಸೀರೆಯಲ್ಲಿ ಕೂತು ಮರುಗುತ್ತಿದ್ದೆವು.

ರತ್ನಮಾಲಾ ಅವರ ಸರದಿ ಬಂದದ್ದು ಆಗ. ಶಹಾಬಜಾರದ ಓಣಿಯಲ್ಲಿ ಕಾರು ಹೋಗುವುದಿಲ್ಲ. ಬಾಯಿಗೆ ಸೆರಗು ಹಿಡಿದು ನಡೆದು ಹೋದೆವು. ಚೊಕ್ಕಟವಾದ ಮನೆ. ಗೋಡೆಯ ಮೇಲೆ ಬುದ್ಧನ ಒಂದು ಫೋಟೋ, ಕೆಳಗೆ ಸ್ಟೂಲಿನ ಮೇಲೆ ದೀಪ. ಹಾಸಿದ ಚಾದರದ ಮಡಿಕೆಗಳಿನ್ನೂ ಇಸ್ತ್ರಿಯಿಂದ ಬೆಚ್ಚಗಿದ್ದವು. ಅವರು ತಂದದ್ದು ಬರೀ ಸುಸಲಾ, ಕಾಯ್ದೆಯಲ್ಲಿ ಹೇಳಿದಂತೆ. ಮೇಲೆ ಕೊತ್ತಂಬರಿ ಸಹ ಇರಲಿಲ್ಲ.

“ಇವತ್ತು ಶನಿವಾರ ನೋಡ್ರಿ, ನಂದು ಒಪ್ಪತ್ತು,” ಎಂದರು ರಾಜೇಶ್ವರಿಯವರು. “ಹೌದಲ್ಲಾ, ನಂದೂ ಅದ,” ಎಂದರು ಪಕ್ಕದವರು. ಅವರ ಪಕ್ಕದವರೂ. ನಾವು ಸೇರುತ್ತಿದ್ದದ್ದೆಲ್ಲ ಶನಿವಾರಗಳೇ. ಗೋಡಂಬಿಯ ಶನಿವಾರ, ದಾಳಿಂಬೆಯ ಶನಿವಾರ ಯಾರಿಗೂ ನೆನಪಾಗದ ಉಪವಾಸ ಅಂದು ನೆನಪಾಯಿತು. ಕಾರಂಜಿಯಲ್ಲಿ ಕೂತ ಬುದ್ಧನಿಗೆ ಜಾತಿಯಿರಲಿಲ್ಲ. ಗೋಡೆಯ ಮೇಲಿನ ಬುದ್ಧನ ಕೆಳಗೆ ಕೂತು ಉಣ್ಣುವಾಗ ದೇವರು ದಿಂಡರು ನೆನಪಾಗುತ್ತಾರೆ.

ಮೌಶಿ ತಮ್ಮ ತಟ್ಟೆ ಮುಗಿಸಿ ಮುಂದೆ ಚಾಚಿದರು. “ಇನ್ನಷ್ಟು ಹಾಕವಾ. ಖಾರ ಬರೋಬರಿ ಅದ.” ಒಬ್ಬೊಬ್ಬರ ಮುಖವನ್ನೇ ನೋಡುತ್ತ, ಬೇಕೆಂದೇ ಸಪ್ಪಳ ಮಾಡಿ ತಿಂದರು. “ಇಷ್ಟು ಮಂದಿ ಒಮ್ಮೆಲೇ ಭಕ್ತರಾಗಿದ್ದು ನಾ ಎಲ್ಲೂ ನೋಡಿಲ್ಲ.” ನಾನು ತಿಂದೆ. ಆದರೆ ಎಂದಿನಂತೆ ಗೋಡೆಗೆ ಹತ್ತಿ ಕೂತು, ಸಪ್ಪಳವಿಲ್ಲದೆ.

ರತ್ನಮಾಲಾ ಆಮೇಲೆ ಬರುವುದನ್ನು ಬಿಟ್ಟರು. ಆಫೀಸಿನಲ್ಲಿ ಕೆಲಸ ಹೆಚ್ಚಾಗಿದೆ ಎಂದು ಫೋನಿನಲ್ಲಿ ಹೇಳಿದರಂತೆ. ಮುಂದಿನ ಶನಿವಾರ ಓದು ರಾಜೇಶ್ವರಿಯವರ ಮನೆಯಲ್ಲಿತ್ತು. ಮೌಶಿ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಬಂದರು. ರಾಜೇಶ್ವರಿಯವರು ಕಾರು ಕಳಿಸಿದ್ದರು.

ಇಲ್ಲಿಂದ ಮುಂದಿನದನ್ನು ಬರೆಯುವಾಗ ಕೈ ನಿಧಾನವಾಗುತ್ತದೆ. ಮೌಶಿಯನ್ನು ನೋಡಿ ನಕ್ಕರೆ ಮೌಶಿಯೇ ಮೊದಲು ನಗುವರು, ಗೊತ್ತು. ಆದರೂ.

ಎಂಬತ್ತು ದಾಟಿ ಸಾವಿರ ಹುಣ್ಣಿಮೆ ಕಂಡವರಿಗೆ ಅವರ ಕಡೆಯವರಲ್ಲಿ ಒಂದು ಶಾಂತಿ ಮಾಡುತ್ತಾರೆ. ಮಕ್ಕಳು ಮೊಮ್ಮಕ್ಕಳು ಸೇರಿ ದೀಪ ಹಚ್ಚಿ ಆರತಿ ಎತ್ತುತ್ತಾರೆ. ಮೌಶಿಗೆ ಮಕ್ಕಳಿಲ್ಲ. “ಮೇಡಂ, ನೀವ್ ಬಿಡ್ರಿ, ನಾ ನೋಡ್ಕೋತೀನಿ,” ಎಂದರು ರಾಜೇಶ್ವರಿಯವರು. ನೋಡಿಕೊಂಡರು. ಹಾಲಿನ ಛಾವಣಿಯ ತುಂಬ ಬ್ಯಾಟರಿಯ ಚಂದ್ರಗಳು ತೂಗಿದವು. ಗೋಡೆಯಷ್ಟಗಲದ ಪರದೆಯ ಮೇಲೆ ಮೌಶಿಯ ಬಾಲ್ಯದಿಂದ ಇಂದಿನವರೆಗಿನ ಫೋಟೋಗಳು, ಹಿಂದೆ ಕೊಳಲು. ಭರ್ಜರಿ ಪೈಠಣಿ ಉಡಿಸಿದ್ದರು. ಕನ್ನಡಕದ ಕೆಂಪು ರಿಬ್ಬನ್ ಹೋಗಿ ಸಣ್ಣ ಮುತ್ತಿನ ಸರ ಬಂದಿತ್ತು.

“ಚಂದ್ರಾ ಎಲ್ಲಾ ಒಮ್ಮೆಲೇ ಹತ್ಯಾವ. ಗ್ರಹಣಾ ಹಿಡೀಲಿಕ್ಕ ರಾಹುಗೂ ಪಾಪ ಗೊಂದಲ,” ಎಂದು ನನ್ನ ಕಿವಿಯಲ್ಲಿ ಉಸುರಿದರು. ಆದರೆ ಪರದೆಯ ಮೇಲೆ ಅವರ ಮುಖ ಮನೆಯಷ್ಟು ದೊಡ್ಡದಾಗಿ ಬಂದಾಗ ನಾನು ಪಕ್ಕದಿಂದ ನೋಡಿದೆ. ಮೌಶಿ ತಮ್ಮನ್ನೇ ನೋಡುತ್ತಿದ್ದರು, ತುಟಿ ತುಸು ತೆರೆದು. ಅವರಿಗೆ ಅದು ಹಿಡಿಸಿತ್ತು. ಇಷ್ಟು ವರ್ಷ ಯಾರೂ ಅವರನ್ನು ಅಷ್ಟು ದೊಡ್ಡದಾಗಿ ನೋಡಿರಲಿಲ್ಲ, ಅವರೂ ನೋಡಿಕೊಂಡಿರಲಿಲ್ಲ.

ಆ ಸಂಜೆಯೇ ರಾಜೇಶ್ವರಿಯವರು ಮೈಕು ಹಿಡಿದು, ಮೇಡಂ ಅವರ ಕಮಲಾಪುರದ ಲೈಬ್ರರಿಯನ್ನು ತಾವೇ ಕಟ್ಟಿಸಿಕೊಡುವುದಾಗಿ ಸಾರಿದರು. ಚಪ್ಪಾಳೆ. ಮೌಶಿ ಕೈ ಅಡ್ಡ ಆಡಿಸಿದರು: “ಕಟ್ಟೂದೇನದ? ಖೋಲಿ ಅವ, ಚಾಪಿ ಅದ.”

“ಮೇಡಂ, ನೀವಂದ್ರ ಇಷ್ಟು ದೊಡ್ಡೋರು. ಮಂದಿ ಏನಂತಾರ? ಸುಧಾ ಮೇಡಂ ಅವರ ಲೈಬ್ರರಿ ಅಂತ ಬಂದು ನೋಡಿದ್ರ ಎರಡು ಖೋಲಿ, ಒಂದು ಚಾಪಿ!”

ಮಂದಿ ಏನಂತಾರ. ಆ ಮಾತು ಕಾದಂಬರಿಯಲ್ಲಿ ಬಂದಲ್ಲೆಲ್ಲ ಮೌಶಿ ಪೆನ್ಸಿಲ್ ಹುಡುಕಿದವರು. ಅಂದು ಅವರ ತುರುಬಿನಲ್ಲಿ ಮಲ್ಲಿಗೆ ಇತ್ತು, ಪೆನ್ಸಿಲ್ ಇರಲಿಲ್ಲ. ಸುತ್ತ ನಾವೆಲ್ಲ, “ಹೂಂ ಅನ್ರಿ ಮೌಶಿ, ಹೂಂ ಅನ್ರಿ,” ಎಂದು ಮುತ್ತಿದ್ದೆವು.

“ಕಪಾಟಿಗೆ ಕೀಲಿ ಹಾಕಬಾರದು, ಅಷ್ಟ ನೋಡು,” ಎಂದರು ಕೊನೆಗೆ.

“ಆಯ್ತ್ರೀ ಮೇಡಂ. ಅದೇನ್ ದೊಡ್ಡದು!”

ಕಮಲಾಪುರದಲ್ಲಿ ಮೊದಲು ನೆಲಕ್ಕೆ ಗ್ರಾನೈಟ್ ಬಂತು. ನೆಲ ಚಂದವಾದಮೇಲೆ ಛಾವಣಿ ತಗ್ಗೆನಿಸಿತು, ಎತ್ತರಿಸಿದರು. ಎತ್ತರಿಸಿದ ಮೇಲೆ ಎರಡು ಖೋಲಿ ಇಕ್ಕಟ್ಟೆನಿಸಿದವು. ಮುಖ್ಯ ಅತಿಥಿಗಳ ಸೋಫಾ ಒಳಗೆ ಬರಲಿಲ್ಲವೆಂದು ನಡುವಿನ ಗೋಡೆ ಒಡೆದರು. ಆ ಸುದ್ದಿ ಕೇಳಿದ ದಿನ ನಾನು ಮೌಶಿಯ ಮುಖ ನೋಡಿದೆ. ಬ್ರಷ್ ಮಾರುವವನ ಪಿಯಾನೋ ಇಬ್ಬರಿಗೂ ನೆನಪಾಗಿತ್ತು. ಇಬ್ಬರೂ ಚಹಾ ಕುಡಿದೆವು. ಹಿಡಿಕೆ ಇದ್ದ ಹೊಸ ಕಪ್ಪುಗಳಲ್ಲಿ.

ಉದ್ಘಾಟನೆಗೆ ಎಲ್ಲರೂ ಕಾರುಗಳಲ್ಲಿ ಹೋದೆವು. ಬಾಗಿಲ ಮೇಲೆ ಬಂಗಾರದ ಅಕ್ಷರ: ಸುಧಾ ಸಾಂಸ್ಕೃತಿಕ ಭವನ. ಒಳಗೆ ವೇದಿಕೆ, ಸಾಲು ಕುರ್ಚಿ, ಎಸಿ. ಮೌಶಿ ನಾಲ್ಕೂ ಕಡೆ ಕಣ್ಣಾಡಿಸಿ, “ಪುಸ್ತಕ ಎಲ್ಲವ?” ಎಂದು ಕೇಳಿದರು. ವೇದಿಕೆಯ ಬಲಕ್ಕೆ ಗೋಡೆಯೊಳಗೆ ಕೂರಿಸಿದ ಗಾಜಿನ ಕಪಾಟು, ಒಳಗೆ ಸಾಲು ದೀಪ. ಗಾಜಿನ ನಡುವೆ ಹಿತ್ತಾಳೆಯದೊಂದು ಪುಟ್ಟ ಕೀಲಿ.

ಮೌಶಿ ಅದನ್ನು ಬೆರಳಿನಿಂದ ಮುಟ್ಟಿದರು. “ರಾಜೀ, ಇದೇನಿದು?”

“ಇದೂ... ಗ್ಲಾಸ್ ಭಾಳ ಛಲೋದದ ರೀ ಮೇಡಂ. ಇಲ್ಲಿ ಬಸ್‌ಸ್ಟ್ಯಾಂಡಿನ ಮಂದಿ ಬರ್ತಾರ, ಕೈ ಹಚ್ತಾರ.”

“ಕೈ ಹಚ್ಚಲೀ ಅಂತನೇ ಅಲ್ಲೇನ?”

“ನೀವ್ ಕುಂದರ್ರಿ ಮೇಡಂ, ಗೆಸ್ಟ್ ಬಂದ್ರು.”

ಭಾಷಣಗಳಾದವು. ಒಬ್ಬರು ಮೌಶಿ ಅಮೆರಿಕದಲ್ಲಿ ಓದಿ ಬಂದವರೆಂದರು, ಇನ್ನೊಬ್ಬರು ಅವರು ಆ ದೇಶದಲ್ಲಿ ಕನ್ನಡ ಕಲಿಸಿದವರೆಂದರು. ಮೌಶಿಯ ಸರದಿ ಬಂದಾಗ ಅವರು ಮೈಕಿನ ಮುಂದೆ ನಿಂತು ಬಹಳ ಹೊತ್ತು ಹಿಂದಿನ ಸಾಲುಗಳನ್ನು ನೋಡಿದರು. ಅಲ್ಲಿ, ಬಾಗಿಲ ಬಳಿ, ರತ್ನಮಾಲಾ ನಿಂತಿದ್ದರು. ತವರೂರಲ್ಲವೇ, ಕೇಳಿ ಬಂದಿದ್ದರು. ಕುರ್ಚಿಗಳೆಲ್ಲ ಕಾಯ್ದಿರಿಸಿದ್ದವು.

“ಕೀಲಿ ತಗೀರಿ ಇದರದು,” ಎಂದರು ಮೌಶಿ, ಮೈಕಿನಲ್ಲೇ. ಯಾರೋ ಓಡಿ ಬಂದು ತೆಗೆದರು. ಮೌಶಿ ಬ್ರಷ್ ಮಾರುವವನ ಕಾದಂಬರಿಯನ್ನು ಹೊರಗೆಳೆದರು. “ರತ್ನಮಾಲಾ, ಬಾ ಇಲ್ಲಿ.” ಅವರು ಹಿಂಜರಿಯುತ್ತ ವೇದಿಕೆಗೆ ಬಂದರು. “ಇದರಾಗ ಪಿಯಾನೋ ಯಾರು ನುಡಿಸಿದ್ರು ಅಂತ ನನಗ ಕಲಿಸಿದಾಕಿ ಈಕಿ. ಇದನ್ನ ಒಯ್ಯಿ. ವಾಪಸ್ ತರಬ್ಯಾಡ. ಓದಿ ಯಾರಿಗರ ಕೊಡು.”

ಚಪ್ಪಾಳೆ ಬಿತ್ತು. ಕ್ಯಾಮರಾದವನು ಇಬ್ಬರನ್ನೂ ತುಸು ಹತ್ತಿರ ನಿಲ್ಲಿಸಿದ. ರಾಜೇಶ್ವರಿಯವರೂ ನಡುವೆ ಬಂದು ಪುಸ್ತಕದ ಒಂದು ಅಂಚನ್ನು ಹಿಡಿದರು. ಫೋಟೋ ಆಯಿತು. ರತ್ನಮಾಲಾ ಮೆಟ್ಟಿಲಿಳಿದಾಗ ರಾಜೇಶ್ವರಿಯವರು ಹಿಂದೆಯೇ ಬಂದು ಅವರ ಹೆಗಲ ಮೇಲೆ ಕೈಯಿಟ್ಟು, ಎಷ್ಟೋ ಪ್ರೀತಿಯಿಂದ ಹೇಳಿದರು: “ಇಲ್ಲೇ ಇರ್ಲಿ ತಗೋರಿ ಅಕ್ಕೋರೆ, ಸೆಟ್ ಒಡೀತದ. ನಿಮಗ ಯಾವಾಗ ಬೇಕಾದ್ರೂ ಬಂದು ಇಲ್ಲೇ ಕುಂತು ಓದ್ರಿ. ನಿಮ್ದೇ ಭವನ ಅಲ್ಲೇನು?” ಪುಸ್ತಕ ಒಳಗೆ ಹೋಯಿತು. ಕೀಲಿಕೈ ಒಮ್ಮೆ ಸುತ್ತಿತು. ರತ್ನಮಾಲಾ ಖಾಲಿಯಾದ ಕೈಯಿಂದ ಸೆರಗು ಸರಿಮಾಡಿಕೊಂಡರು.

ಮೌಶಿ ಅದನ್ನು ವೇದಿಕೆಯ ಮೇಲಿನ ದೊಡ್ಡ ಕುರ್ಚಿಯಿಂದ ನೋಡಿದರು. ಕೊರಳಲ್ಲಿ ಹಾರಗಳು ಅವರ ಗದ್ದದವರೆಗೆ ಬಂದಿದ್ದವು. ಬಾಯಿ ತೆರೆದರೂ ಮಾತು ಕೇಳಿಸುತ್ತಿತ್ತೋ ಇಲ್ಲವೋ.

ಹಿಂದಿರುಗುವಾಗ ರಾಜೇಶ್ವರಿಯವರ ಕಾರಿನಲ್ಲಿ ನಾವಿಬ್ಬರೇ. ಊರು ದಾಟುವ ಮುಂಚೆ ಮೌಶಿ ಕಾರು ನಿಲ್ಲಿಸಲು ಹೇಳಿ ರಸ್ತೆ ಬದಿಯ ಗಾಡಿಯಲ್ಲಿ ಅಲ್ಲಿಯ ಕೆಂಪು ಬಾಳೆಹಣ್ಣು ಕೊಂಡರು. ಒಂದನ್ನು ಸುಲಿದು ಅರ್ಧ ನನಗೆ ಕೊಟ್ಟರು, ಅರ್ಧ ತಾವು ತಿಂದರು. ಆಮೇಲೆ ಪರ್ಸಿನಿಂದ ಸಮಾರಂಭದ ಆಮಂತ್ರಣ ಪತ್ರಿಕೆ ತೆಗೆದರು. ಮೇಲ್ಗಡೆ ಪೈಠಣಿ ಉಟ್ಟ ಅವರದೇ ಫೋಟೋ.

“ಕಾನ್ವೆಂಟ, ಪೆನ್ಸಿಲ್ ಅದ ಏನ?”

ನನ್ನ ಪರ್ಸಿನಲ್ಲಿ ಮಗಳ ಪೆನ್ಸಿಲೊಂದಿತ್ತು. ಕಾರು ಕುಲುಕುತ್ತಿದ್ದರೂ ಮೌಶಿ ನಾಲಿಗೆಯ ತುದಿ ಹೊರಗಿಟ್ಟು ಆ ಫೋಟೋದ ಸುತ್ತ ಹಾರ ಬರೆದರು. ಎರಡು ಬಾಗಿದ ಗೆರೆ, ಸಾಸಿವೆಯಷ್ಟು ಹೂಗಳು, ಕುಚ್ಚು.

“ಹಂಗ್ಯಾಕ ಮೌಶಿ!”

“ತಡೀ, ಯಾವ ಪುಟದಾಗ ಸತ್ತೆ ಅಂತ ಹುಡುಕ್ಲಿಕ್ಕತ್ತೀನಿ. ಗೋಡಿ ಒಡದಾಗ ಅಂದ್ಕೊಂಡಿದ್ದೆ. ಅಲ್ಲ. ಆ ಚಂದ್ರಾಮಗೋಳು ಹತ್ತಿದಾಗ? ಅದೂ ಅಲ್ಲ.” ಕಿಟಕಿಯಾಚೆ ಕೆಂಪು ಮಣ್ಣಿನ ಹೊಲಗಳು ಹಿಂದೆ ಸರಿಯುತ್ತಿದ್ದವು. “ಗೋಡಂಬಿ ತಿಂದೆನಲ್ಲ, ಅಲ್ಲೇ. ಹಾರಾ ಬರದು ಎಲ್ಲಾರನ್ನೂ ನಗಸಿ ಮತ್ತ ಅದನ್ನ ತಿಂದೆ ನೋಡು. ನಕ್ಕರ ಸಾಕು, ಆ ರೋಗ ನಮಗ ಹತ್ತಂಗಿಲ್ಲ ಅಂತ ತಿಳ್ಕೊಂಡಿದ್ದೆ.”

ನಾನು ಏನಾದರೂ ಹೇಳಬೇಕಿತ್ತು. ಬಾಳೆಹಣ್ಣಿನ ಸಿಪ್ಪೆಯನ್ನು ಮಡಿಚಿ ಕರವಸ್ತ್ರದಲ್ಲಿ ಇಟ್ಟುಕೊಂಡೆ.

“ಸುಮ್ಮ ಕೂಡೂದು ಭಾಳ ಛಲೋ ಕಲಸ್ಯಾರ,” ಎಂದರು ಮೌಶಿ, ಕಣ್ಣು ಮುಚ್ಚಿ.

ಮತ್ತೆ ಅವರು ಕಮಲಾಪುರಕ್ಕೆ ಹೋಗಲಿಲ್ಲ. ರಾಜೇಶ್ವರಿಯವರ ಕಾರು ಬಂದರೆ ಮಂಡಿನೋವು ಎನ್ನುತ್ತಿದ್ದರು. ಹಿಡಿಕೆ ಮುರಿದ ಕಪ್ಪು ಮತ್ತೆ ಹೊರಗೆ ಬಂತು, ಕೆಂಪು ರಿಬ್ಬನ್ನೂ ಬಂತು. ಬೇಸಿಗೆ ಬರುವ ಮುಂಚೆ, ಮಧ್ಯಾಹ್ನ ಮಲಗಿದವರು ಏಳಲಿಲ್ಲ.

ಶ್ರದ್ಧಾಂಜಲಿ ಭವನದಲ್ಲೇ ನಡೆ‌ಯಿತು. ಶನಿವಾರ. ಬೇಗ ಮುಗಿಸಬೇಕೆಂದು ಮೊದಲೇ ಹೇಳಿದ್ದರು. ಸಂಜೆಗೆ ಅಲ್ಲಿ ಯಾರದೋ ನಿಶ್ಚಿತಾರ್ಥವಿತ್ತು. ವೇದಿಕೆಯ ಮೇಲೆ ಗುಲಾಬಿ ಬಲೂನಿನ ಕಮಾನು ಆಗಲೇ ಅರ್ಧ ಏರಿತ್ತು. ಮೌಶಿಯ ಫೋಟೋವನ್ನು ಅದರ ಪಕ್ಕಕ್ಕೆ ಸರಿಸಿ ಇಟ್ಟಿದ್ದರು. ರಾಜೇಶ್ವರಿಯವರ ಕಣ್ಣುಗಳು ಊದಿಕೊಂಡಿದ್ದವು, ಅಳು ನಿಜವಾದದ್ದು. ಗಂಧದ ಚಕ್ಕೆಯ ದೊಡ್ಡ ಹಾರವನ್ನು ನನ್ನ ಕೈಗಿತ್ತರು. “ನೀವೇ ಹಾಕ್ರಿ. ನಿಮ್ಮ ಮ್ಯಾಲ ಮೇಡಂಗ ಭಾಳ ಜೀವ ಇತ್ತು.” ಹಾಕಿದೆ. ಅದು ಫೋಟೋಗಿಂತ ಉದ್ದವಾಗಿತ್ತು, ನೆಲಕ್ಕೆ ತಾಗಿತು.

ರತ್ನಮಾಲಾ ಬಂದಿದ್ದರು. ನಾವಿಬ್ಬರೂ ಗಾಜಿನ ಕಪಾಟಿನ ಮುಂದೆ ನಿಂತೆವು. ದೀಪದ ಸಾಲು ಉರಿಯುತ್ತಿತ್ತು. ಬ್ರಷ್ ಮಾರುವವನು ಮೂರನೇ ಸಾಲಿನಲ್ಲಿದ್ದ, ಕೈಯಳತೆಯಲ್ಲಿ.

“ಒಂದು ಸಲ ತಗೀಲಿಕ್ಕ ಆಗ್ತದೇನು ಕೇಳ್ರಿ,” ಎಂದರು ರತ್ನಮಾಲಾ.

ಕೇಳಿದೆ. ಅಷ್ಟಾದರೂ ಮಾಡಿದೆ. ಕೀಲಿಕೈ ಡೆಕೊರೇಶನ್‌ನವನ ಬಳಿಯಿತ್ತು, ಅವನು ಚಹಾಕ್ಕೆ ಹೋಗಿದ್ದ.

ಅಷ್ಟರಲ್ಲಿ ಮೌಶಿಗೆ ಪ್ರಿಯವಾಗಿತ್ತೆಂದು ಎಲ್ಲರಿಗೂ ಸುಸಲಾ ಹಂಚುತ್ತ ಬಂದರು, ಬಣ್ಣದ ಕಾಗದದ ಬಟ್ಟಲಲ್ಲಿ. ರಾಜೇಶ್ವರಿಯವರೇ ಒಂದನ್ನು ರತ್ನಮಾಲಾ ಅವರತ್ತ ಚಾಚಿದರು. “ತಗೋರಿ ಅಕ್ಕೋರೆ, ಮೇಡಂ ಹೆಸರಿಲೆ.”

ರತ್ನಮಾಲಾ ಕೈ ಮುಗಿದು ನಕ್ಕರು. “ಒಲ್ಲೆ ರೀ. ಇವತ್ತು ಶನಿವಾರ ನೋಡ್ರಿ, ನಂದು ಒಪ್ಪತ್ತು.”

ರಾಜೇಶ್ವರಿಯವರಿಗೆ ಅದು ನೆನಪಿತ್ತೋ ಇಲ್ಲವೋ. “ಹೌದೇನ್ರಿ?” ಎಂದು ಬಟ್ಟಲನ್ನು ನನ್ನ ಕೈಗೆ ದಾಟಿಸಿ ಬಲೂನಿನವರ ಕಡೆ ಹೋದರು. ರತ್ನಮಾಲಾ ಬಸ್ಸಿನ ಹೊತ್ತಾಯಿತೆಂದು ಹೊರಟರು. ನಾನು ಅವರ ಬೆನ್ನು ಬಾಗಿಲು ದಾಟುವವರೆಗೆ ನೋಡುತ್ತ ನಿಂತೆ. ಮೌಶಿ ಇದ್ದಿದ್ದರೆ ಇದಕ್ಕೆ ಏನೆನ್ನುತ್ತಿದ್ದರು, ಎಷ್ಟು ಜೋರಾಗಿ ನಗುತ್ತಿದ್ದರು ಎಂದು ಯೋಚಿಸುತ್ತಿದ್ದೆ. ಎಷ್ಟು ಯೋಚಿಸುತ್ತಿದ್ದೆನೆಂದರೆ, ಗೋಡಂಬಿ ಬಾಯಿಗೆ ಹೋದದ್ದು ಅದನ್ನು ಅಗಿದ ಮೇಲೆಯೇ ತಿಳಿಯಿತು.

ತುಪ್ಪದಲ್ಲಿ ಹುರಿದದ್ದು. ರುಚಿಯಾಗಿತ್ತು.